ಕೊಕ್ಕೆಯ ಕೆಳಗೊಂದು ಚುಕ್ಕೆ

ಹೋದ ವರ್ಷ ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದನ್ನೇ ಕಾಯುತ್ತ ನಿಂತಿದ್ದೆ. ಎದುರು ಮನೆಯಾಕೆ ಹಿತ್ತಲ ಬಾಗಿಲಿಂದ ಬಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಚೀಟಿ.

"ಅಕ್ಕಾ, ಇದನ್ನೊಂಚೂರು ನೋಡಿಕೊಡ್ತೀರಾ? ನಾಳೆ ಮಗನ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗು. ಮೇಡಂ ಹತ್ರ ಇಂಗ್ಲಿಷಲ್ಲೇ ಕೇಳ್ಬೇಕು ಅಂತಿದೀನಿ."

ಚೀಟಿಯಲ್ಲಿ ಮೂರೇ ಮೂರು ಪ್ರಶ್ನೆಗಳಿದ್ದವು. ಮೊದಲನೆಯದು, "ವೈ ಮೈ ಸನ್ ಈಸ್ ನಾಟ್ ರೈಟಿಂಗ್ ಫುಲ್ ನೋಟ್ಸ್." ಕೊನೆಗೆ ಒಂದು ಪೂರ್ಣವಿರಾಮ. ಎರಡನೆಯದು, "ಡಿಡ್ ಹಿ ಟಾಕ್ಡ್ ಇನ್ ಕ್ಲಾಸ್?" ಮೂರನೆಯದು, "ಪ್ಲೀಸ್ ಟೆಲ್ ಮಿ ವೇರ್ ಈಸ್ ಹಿ ಸಿಟ್ಟಿಂಗ್??" ಅದಕ್ಕೆ ಎರಡೆರಡು ಪ್ರಶ್ನಾರ್ಥಕ ಚಿಹ್ನೆ. ಆತಂಕ ಹೆಚ್ಚಿದ್ದಲ್ಲಿ ಚಿಹ್ನೆಯೂ ಹೆಚ್ಚಬೇಕು ಎಂಬುದು ಆಕೆಯ ಲೆಕ್ಕವಿರಬೇಕು.

ನನಗೋ ತಿದ್ದುವುದೆಂದರೆ ಮೊದಲಿನಿಂದಲೂ ಒಂದು ಚಟ. ಲೆಕ್ಕದ ಪುಸ್ತಕದ ಪಕ್ಕದಲ್ಲಿದ್ದ ಕೆಂಪು ಪೆನ್ನನ್ನೇ ಎತ್ತಿಕೊಂಡೆ. ಮೊದಲನೆಯದರಲ್ಲಿ 'ಈಸ್' ಎಂಬುದನ್ನು 'ಮೈ ಸನ್'ಗಿಂತ ಮುಂದೆ ತಂದು, ಕೊನೆಗೆ ಕೊಕ್ಕೆ ಹಾಕಿದೆ. ಎರಡನೆಯದರಲ್ಲಿ 'ಟಾಕ್ಡ್' ಹೊಡೆದು 'ಟಾಕ್' ಮಾಡಿದೆ. ಮೂರನೆಯದರಲ್ಲಿ 'ಈಸ್' ಅನ್ನು ಹಿಂದೆ ತಳ್ಳಿ, ಎರಡೂ ಕೊಕ್ಕೆ ಕಿತ್ತು, ಬರೀ ಚುಕ್ಕೆ ಇಟ್ಟೆ. ಕೆಂಪು ಶಾಯಿಯಲ್ಲಿ ಮಿಂದ ಚೀಟಿಯನ್ನು ಆಕೆ ಒಂದು ನಿಮಿಷ ನೋಡಿದಳು.

"ಅಲ್ಲಾ ಅಕ್ಕಾ, ಒಂದರಲ್ಲಿ 'ಈಸ್' ಮುಂದೆ ತಂದ್ರಿ, ಇನ್ನೊಂದರಲ್ಲಿ ಹಿಂದೆ ತಳ್ಳಿದ್ರಿ. ಇಲ್ಲದ ಕಡೆ ಕೊಕ್ಕೆ ಹಾಕಿದ್ರಿ, ಇದ್ದ ಕಡೆ ಕಿತ್ತಿರಿ. ಎರಡೂ ಪ್ರಶ್ನೆನೇ ಅಲ್ವಾ?"

"ರೂಲು ಹಾಗಿದೆ ಕಣೆ," ಎಂದೆ. ಅಷ್ಟರಲ್ಲಿ ಹಾಲು ಉಕ್ಕಿತು.

ಮಾರನೆಯ ದಿನ ಸಂಜೆ ಸಿಕ್ಕಾಗ, "ಕೇಳಿದೆಯಾ?" ಎಂದೆ. "ಇಲ್ಲ ಅಕ್ಕಾ. ಚೀಟಿ ಕೈಲೇ ಇತ್ತು. 'ಈಸ್' ಮುಂದೋ ಹಿಂದೋ ಅಂತ ಯೋಚಿಸ್ತಾ ನಿಂತೆ. ಮೇಡಂ ನನ್ನ ಹಿಂದಿದ್ದೋರನ್ನ ಕರೆದುಬಿಟ್ರು," ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ತಪ್ಪು ಇಂಗ್ಲಿಷಿನ ಮೂರು ಪ್ರಶ್ನೆಗಳನ್ನು ಧೈರ್ಯವಾಗಿ ಬರೆದುಕೊಂಡು ಬಂದವಳನ್ನು, ಸರಿಯಾದ ಇಂಗ್ಲಿಷಿನ ಮೂರು ಪ್ರಶ್ನೆಗಳೊಂದಿಗೆ ಬಾಯಿ ಮುಚ್ಚಿಸಿ ಕಳಿಸಿದವಳು ನಾನು.

ಈ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ಯೋಚಿಸಿದರೆ ನಮ್ಮೂರ ಹೈಸ್ಕೂಲು ನೆನಪಾಗುತ್ತದೆ. ಐದನೆಯ ತರಗತಿಗೆ ಬಂದ ಮೇಲೆ ಎ ಬಿ ಸಿ ಡಿ ಕಲಿತ ಪೀಳಿಗೆ ನಮ್ಮದು. ಎಂಟನೆಯ ತರಗತಿಯಲ್ಲಿ ಸಮುದ್ರದ ಮೇಲೊಂದು ಪಾಠವಿತ್ತು. ಮಲೆನಾಡಿನ ಹುಡುಗಿಯಾದ ನಾನು ಆಗಿನ್ನೂ ಸಮುದ್ರ ನೋಡಿರಲಿಲ್ಲ. ಎದ್ದುನಿಂತು, "ಸರ್, ವೈ ದ ಸೀ ಈಸ್ ಸಾಲ್ಟಿ?" ಎಂದು ಕೇಳಿದೆ. ಮೇಷ್ಟ್ರು, "ವೈ ಈಸ್ ದ ಸೀ ಸಾಲ್ಟಿ. ಹೇಳು," ಎಂದರು. ಹೇಳಿದೆ. ಇನ್ನೊಮ್ಮೆ ಎಂದರು. ಮೂರು ಸಲ ಹೇಳಿಸಿದರು. ಹುಡುಗರು ನಕ್ಕರು, ಬೆಲ್ ಹೊಡೆಯಿತು, ನಾನು ಕುಳಿತೆ. ಪ್ರಶ್ನೆ ಸರಿಹೋಯಿತು, ಉತ್ತರ ಸಿಗಲಿಲ್ಲ. ನದಿಗಳು ಬಂಡೆಗಳಿಂದ ಲವಣ ಕರಗಿಸಿ ತಂದು ಕಡಲಿಗೆ ಸುರಿಯುತ್ತವೆ, ನೀರು ಆವಿಯಾಗಿ ಮೇಲೆ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬ ಸಂಗತಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಮಗಳ ವಿಜ್ಞಾನ ಪುಸ್ತಕ ತಿರುವುವಾಗ.

ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಅವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ನಿಮ್ಮ ಮನೆಯ ಅಟ್ಟದಲ್ಲೂ ಇದ್ದೀತು: 'ರೆನ್ ಅಂಡ್ ಮಾರ್ಟಿನ್'. 1930ರ ದಶಕದಲ್ಲಿ ಹೊರಬಂದ ಈ ವ್ಯಾಕರಣ, ನಮ್ಮ ದೇಶದಲ್ಲಿ ಇಂಗ್ಲಿಷು ಕಲಿತ ಎಷ್ಟೋ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲೇ ಕುಳಿತಿದೆ. ನಮ್ಮ ಮನೆಯ ಪ್ರತಿಯನ್ನು ಈಚೆಗೆ ಇಳಿಸಿ, ಧೂಳು ಕೊಡವಿ, ಮತ್ತೆ ಓದಿದೆ. ಪರೀಕ್ಷೆಯ ಭಯವಿಲ್ಲದೆ ಓದಿದಾಗ ಕಂಡದ್ದೇ ಬೇರೆ.

ನ್ಯಾಯವಾಗಿ ಹೇಳಬೇಕೆಂದರೆ ಪುಸ್ತಕ ಅಚ್ಚುಕಟ್ಟು. ನಿಯಮ ತಪ್ಪಿಲ್ಲ, ಮಾತು ಬೆಳೆಸುವುದಿಲ್ಲ. ನಾನು ಪಾಸಾದದ್ದೇ ಅದರ ದಯೆಯಿಂದ. ಆದರೆ ಅದರಲ್ಲಿ ಪ್ರಶ್ನೆ ಎಂಬುದು ಒಂದು 'ಪರಿವರ್ತನೆ'. ವಾಕ್ಯಗಳ ರೂಪಾಂತರ ಎಂಬ ಭಾಗದಲ್ಲಿ ಪ್ರಶ್ನೆಯನ್ನು ಹೇಳಿಕೆಯಾಗಿಯೂ ಹೇಳಿಕೆಯನ್ನು ಪ್ರಶ್ನೆಯಾಗಿಯೂ ಬದಲಿಸುವ ಅಭ್ಯಾಸಗಳಿವೆ. ಸೀರೆಯ ಸೆರಗನ್ನು ಎಡಕ್ಕೆ ಬಲಕ್ಕೆ ಹಾಕಿದಂತೆ! ಅಲ್ಲಿಯ ಪ್ರಶ್ನೆಗಳಲ್ಲಿ ಹೆಚ್ಚಿನವು ಉತ್ತರ ಬೇಡದ ಪ್ರಶ್ನೆಗಳು. ಉತ್ತರ ಪ್ರಶ್ನೆಯ ಹೊಟ್ಟೆಯೊಳಗೇ ಇರುತ್ತದೆ, ಅದನ್ನು ಹೊರಗೆಳೆದು ಹೇಳಿಕೆ ಮಾಡಿದರೆ ಅಂಕ ಬರುತ್ತದೆ. ಗೊತ್ತಿಲ್ಲದವರೊಬ್ಬರು ಗೊತ್ತಿದ್ದವರ ಬಳಿ ಹೋಗಿ, ತಿಳಿಯಬೇಕೆಂಬ ಆಸೆಯಿಂದ ಬಾಯಿಬಿಡುವ ಸಂದರ್ಭಕ್ಕೆ ಆ ಅಭ್ಯಾಸಗಳಲ್ಲಿ ಜಾಗವಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಇಬ್ಬರು ಲೇಖಕರಲ್ಲಿ ಪಿ. ಸಿ. ರೆನ್ ಎಂಬವರು ಇಂಡಿಯಾದ ಶಿಕ್ಷಣ ಇಲಾಖೆಯಲ್ಲಿದ್ದವರು, ಹೆಸರಾಂತ ಕಾದಂಬರಿಕಾರರು ಕೂಡ. 1924ರಲ್ಲಿ ಬಂದ ಅವರ 'ಬ್ಯೂ ಜೆಸ್ಟ್' ಕಾದಂಬರಿಯಲ್ಲಿ ಒಂದು ಬೆಲೆಬಾಳುವ ನೀಲಮಣಿ ಕಾಣೆಯಾಗುತ್ತದೆ. ಕದ್ದವರು ಯಾರು ಎಂಬ ಒಂದು ಪ್ರಶ್ನೆಯ ಹಗ್ಗ ಹಿಡಿದು ಓದುಗರನ್ನು ಮರುಭೂಮಿಯವರೆಗೆ ಎಳೆದುಕೊಂಡು ಹೋಗುತ್ತಾರೆ. ಪ್ರಶ್ನೆ ಎಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಥೆಯಲ್ಲಿ ಇಟ್ಟ ಕುತೂಹಲದಲ್ಲಿ ಒಂದು ಚಿಟಿಕೆಯನ್ನು ವ್ಯಾಕರಣಕ್ಕೂ ಹಾಕಿದ್ದರೆ!

ನನ್ನ ಇನ್ನೊಂದು ತಕರಾರು, ನಿಯಮ ಹೇಳಿದವರು ನಮಗೆ ಅದು ಯಾಕೆ ಕಷ್ಟ ಎಂಬುದನ್ನು ಹೇಳಲಿಲ್ಲ. ನಮ್ಮ ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳನ್ನು ಜಾಗ ಬಿಟ್ಟು ಎಬ್ಬಿಸಬೇಕಾಗಿಲ್ಲ. ಒಂದು 'ಆ' ಸೇರಿಸಿದರೆ ಸಾಕು. "ಅವನು ನಿನ್ನೆ ಬಂದ", "ಅವನು ನಿನ್ನೆ ಬಂದನಾ?" ಅಷ್ಟೇ ಅಲ್ಲ, ಅನುಮಾನ ಯಾವ ಪದದ ಮೇಲಿದೆಯೋ ಅದಕ್ಕೇ 'ಆ' ಅಂಟಿಸಬಹುದು. "ಅವನಾ ನಿನ್ನೆ ಬಂದದ್ದು?" "ಅವನು ನಿನ್ನೆಯಾ ಬಂದದ್ದು?" ಇಂಗ್ಲಿಷಿನವರಿಗೆ ಈ ಸೌಕರ್ಯವಿಲ್ಲ. ಅವರು ಕರ್ತೃವನ್ನೂ ಸಹಾಯಕ ಕ್ರಿಯಾಪದವನ್ನೂ ಅದಲು ಬದಲು ಕೂರಿಸಬೇಕು. ಸಹಾಯಕರಿಲ್ಲದಿದ್ದರೆ 'ಡೂ' ಎಂಬ ಆಳನ್ನು ಕರೆಸಬೇಕು. ಶೇಕ್ಸ್‌ಪಿಯರನ ಕಾಲದಲ್ಲಿ ಈ ಆಳು ಕಡ್ಡಾಯವಿರಲಿಲ್ಲ. 'ನೋ ಯೂ' ಎಂದರೂ ನಡೆಯುತ್ತಿತ್ತು, 'ಡೂ ಯೂ ನೋ' ಎಂದರೂ ನಡೆಯುತ್ತಿತ್ತು. ಆಮೇಲೆ ಆಳಿಲ್ಲದೆ ಮನೆ ನಡೆಯದು ಎಂಬಂತಾಯಿತು. ಹೀಗೆ ಬಂದ 'ಡಿಡ್' ಭೂತಕಾಲದ ಹೊರೆಯನ್ನು ತನ್ನ ತಲೆಗೇರಿಸಿಕೊಳ್ಳುತ್ತದೆ. ಆದ್ದರಿಂದ 'ಟಾಕ್' ಬರಿಗೈಯಲ್ಲಿ ನಡೆಯಬಹುದು, 'ಟಾಕ್ಡ್' ಆಗಬೇಕಿಲ್ಲ. ಒಂದೇ ಹೊರೆಯನ್ನು ಇಬ್ಬರು ಹೊರುವುದೇಕೆ? ಎದುರು ಮನೆಯಾಕೆಗೆ ನಾನು ಇಷ್ಟು ಹೇಳಿದ್ದರೆ ಅವಳು ಮರೆಯುತ್ತಿರಲಿಲ್ಲ. ನಾನು ಹೇಳಿದ್ದು 'ರೂಲು' ಎಂದು.

ಇನ್ನು 'ಈಸ್' ಹಿಂದೆ ಹೋದ ಕಥೆ. "ಎಲ್ಲಿ ಕೂರ್ತಾನೆ ಅಂತ ಹೇಳಿ" ಎನ್ನುವಾಗ ಕನ್ನಡ ಒಳಗಿನ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಇಡೀ ಪ್ರಶ್ನೆಯನ್ನು ಹಾಗೇ ಎತ್ತಿ, 'ಅಂತ' ಎಂಬ ಮುಚ್ಚಳ ಹಾಕಿ, ಆ ಕಡೆ ದಾಟಿಸುತ್ತದೆ. "ಎಲ್ಲಿಗೆ ಹೋಗ್ತೀಯ ಅಂತ ಕೇಳಿದ್ರು." ಹಾಗಾಗಿ ನಮ್ಮ ಮಕ್ಕಳು "ಹಿ ಆಸ್ಕ್‌ಡ್ ಮಿ ವೇರ್ ಆರ್ ಯೂ ಗೋಯಿಂಗ್?" ಎಂದು ಬರೆಯುವುದು ಸಹಜ. ಇಂಗ್ಲಿಷಿನವರ ಕ್ರಮ ಬೇರೆ. ಬಾಗಿಲನ್ನು ಒಮ್ಮೆ ತಟ್ಟಿದರೆ ಸಾಕು, ಒಳಕೋಣೆಯ ಬಾಗಿಲನ್ನೂ ತಟ್ಟಬೇಕಿಲ್ಲ ಎನ್ನುತ್ತಾರೆ. "ಕುಡ್ ಯೂ ಟೆಲ್ ಮಿ" ಎಂದು ಒಮ್ಮೆ ಅದಲು ಬದಲಾದರೆ ಮುಗಿಯಿತು, ಒಳಗಿನದು "ವೇರ್ ಹಿ ಈಸ್ ಸಿಟ್ಟಿಂಗ್" ಎಂದು ನೇರವಾಗಿಯೇ ಇರುತ್ತದೆ. ಹೊರಬಾಗಿಲಿನ ಮಾತು ಪ್ರಶ್ನೆಯಾಗಿದ್ದರೆ ಕೊನೆಗೆ ಕೊಕ್ಕೆ. "ಪ್ಲೀಸ್ ಟೆಲ್ ಮಿ" ಎಂಬ ವಿನಂತಿಯಾಗಿದ್ದರೆ, ಅಥವಾ "ಹಿ ಆಸ್ಕ್‌ಡ್ ಮಿ" ಎಂಬ ವರದಿಯಾಗಿದ್ದರೆ, ಬರೀ ಚುಕ್ಕೆ. ಎರಡು ಕೊಕ್ಕೆ, ಮೂರು ಕೊಕ್ಕೆ ಎಂಬುದು ಅವರ ಬರವಣಿಗೆಯ ಶಿಷ್ಟಾಚಾರದಲ್ಲಿಲ್ಲ.

ಈ ಸುತ್ತುಮಾತಿನ ಮರ್ಯಾದೆ ನಮಗೆ ಹೊಸದೇನಲ್ಲ. ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಅಪಶಕುನ, ಎಂದು ನನ್ನಜ್ಜಿ ಹೇಳುತ್ತಿದ್ದಳು. "ದೂರ ಹೊರಟ ಹಾಗಿದೆ?" ಎನ್ನಬೇಕು. ಅದರಲ್ಲಿ 'ಆ' ಇಲ್ಲ, 'ಏ' ಇಲ್ಲ, ರೂಪದಲ್ಲಿ ಶುದ್ಧ ಹೇಳಿಕೆ. ಆದರೆ ದನಿಯ ಬಾಲ ಮೇಲೇರಿ ಪ್ರಶ್ನೆಯಾಗುತ್ತದೆ. ಇಂಗ್ಲಿಷಿನ "ಕುಡ್ ಯೂ ಟೆಲ್ ಮಿ" ನನ್ನಜ್ಜಿಗೆ ಅರ್ಥವಾಗುತ್ತಿತ್ತು ಎಂದೇ ನನ್ನ ನಂಬಿಕೆ, ಪಾಪ, ಭಾಷೆ ಬಾರದಿದ್ದರೂ.

ನಮ್ಮ 'ಅಲ್ವಾ'ದ ಗತಿಯೂ ಹೀಗೆಯೇ. ಎಲ್ಲ ವಾಕ್ಯಕ್ಕೂ ಒಂದೇ 'ಅಲ್ವಾ' ಸಾಕು. "ಅವಳು ಹಾಡ್ತಾಳೆ, ಅಲ್ವಾ?" "ಅವರು ಬಂದ್ರು, ಅಲ್ವಾ?" ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಡಸಂಟ್ ಶಿ', ಎರಡನೆಯದಕ್ಕೆ 'ಡಿಡಂಟ್ ದೇ'. ನಾವು ಎಲ್ಲದಕ್ಕೂ 'ಈಸಂಟ್ ಇಟ್' ಅಂಟಿಸಿದರೆ ನಗುತ್ತಾರೆ. ಆದರೆ ಫ್ರೆಂಚರು ಎಲ್ಲ ವಾಕ್ಯಕ್ಕೂ 'ನೆಸ್ ಪಾ' ಎಂಬ ಒಂದನ್ನೇ ಹಚ್ಚುತ್ತಾರೆ. ಅವರನ್ನು ಯಾರೂ ನಗುವುದಿಲ್ಲ. ಲಂಡನ್ನಿನ ಬೀದಿಗಳಲ್ಲೇ ಈಗ ಎಲ್ಲ ವಾಕ್ಯದ ತುದಿಗೂ 'ಇನ್ನಿಟ್' ಎನ್ನುವವರಿದ್ದಾರೆ. ಪರೀಕ್ಷೆಯಲ್ಲಿ ಸರಿಯಾದದ್ದನ್ನೇ ಬರೆಯೋಣ. ನಾಚಿಕೆಪಡುವ ಕಾರಣವಂತೂ ನನಗೆ ಕಾಣುವುದಿಲ್ಲ.

ಇಷ್ಟೆಲ್ಲ ಆದರೂ, ಸರಿಯಾದ ಇಂಗ್ಲಿಷು ಬೇಡ, ಹೇಗೆ ಕೇಳಿದರೂ ಆದೀತು ಎಂದು ನಾನು ಹೇಳಲಾರೆ. ಹಾಗೆ ಹೇಳದಂತೆ ನನ್ನ ಬಾಯಿ ಕಟ್ಟಿಹಾಕಿದ್ದು ಒಂದು ಆಸ್ಪತ್ರೆ. 1998ರಲ್ಲಿ ಅಮ್ಮನನ್ನು ದೊಡ್ಡ ಊರಿಗೆ ಕರೆದುಕೊಂಡು ಹೋಗಿದ್ದೆ. ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದೆಂದಿದ್ದರು. ಅಮ್ಮ ನೀರೂ ಮುಟ್ಟಿರಲಿಲ್ಲ. ಬೆಳಿಗ್ಗೆ ಕನ್ನಡ ಬಾರದ ಒಬ್ಬ ಎಳೆಯ ಡಾಕ್ಟರು ಬಂದು, "ಶಿ ಹ್ಯಾಸಂಟ್ ಈಟನ್ ಎನಿಥಿಂಗ್?" ಎಂದರು. "ಎಸ್ ಡಾಕ್ಟರ್," ಎಂದೆ. ಅವರು ಹುಬ್ಬೇರಿಸಿ, "ಎಸ್?" ಎಂದರು. "ಎಸ್, ಎಸ್," ಎಂದೆ ಇನ್ನೂ ಗಟ್ಟಿಯಾಗಿ. ಏನೋ ಬರೆದುಕೊಂಡು ಹೋದರು. ಮಧ್ಯಾಹ್ನದವರೆಗೂ ಕರೆಯಲಿಲ್ಲ. ವಿಚಾರಿಸಿದರೆ, ಪರೀಕ್ಷೆ ನಾಳೆಗೆ ಹೋಗಿದೆ, ಪೇಶೆಂಟು ತಿಂದಿದ್ದಾರಂತಲ್ಲ, ಎಂದರು!

ನಾನು ಹೇಳಿದ್ದು, "ಹೌದು, ತಿಂದಿಲ್ಲ." ಅವರು ಕೇಳಿಸಿಕೊಂಡದ್ದು, "ಹೌದು, ತಿಂದಿದ್ದಾರೆ." ಕನ್ನಡದಲ್ಲಿ "ಏನೂ ತಿಂದಿಲ್ವಾ?" ಎಂದರೆ, ಕೇಳಿದವರ ಮಾತು ಸರಿಯೇ ಎಂದು ನೋಡಿ 'ಹೌದು' ಎನ್ನುತ್ತೇವೆ. ಜಪಾನಿನವರೂ ನಮ್ಮ ಹಾಗೆಯೇ. ಇಂಗ್ಲಿಷಿನವರು ಕೇಳಿದವರ ಮಾತನ್ನು ನೋಡುವುದಿಲ್ಲ, ನಡೆದದ್ದನ್ನು ನೋಡುತ್ತಾರೆ. ತಿಂದಿದ್ದರೆ 'ಎಸ್', ತಿಂದಿಲ್ಲದಿದ್ದರೆ 'ನೋ'. ಆ ಡಾಕ್ಟರದ್ದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ. ನಡುವೆ ಅಮ್ಮ ಇನ್ನೊಂದು ರಾತ್ರಿ ಉಪವಾಸ ಬಿದ್ದಳು. "ಈ ಸಲ ಏಕಾದಶಿ ಎರಡು ದಿನ ಬಂತು ಬಿಡು," ಎಂದಳು, ನನ್ನ ಮುಖ ನೋಡಲಾರದೆ. ಹಾಗೆಂದ ಅವಳ ದನಿ ಎಷ್ಟು ಸೋತಿತ್ತೆಂದು ನನಗಷ್ಟೇ ಗೊತ್ತು. ಅಂದಿನಿಂದ ಇಂಗ್ಲಿಷಿನ ಇಂಥ ಪ್ರಶ್ನೆಗೆ ನಾನು ಒಂದೇ ಪದದಲ್ಲಿ ಉತ್ತರ ಕೊಡುವುದಿಲ್ಲ. "ಶಿ ಹ್ಯಾಸ್ ನಾಟ್ ಈಟನ್" ಎಂದು ಪೂರ್ತಿ ಹೇಳುತ್ತೇನೆ. ನೀವೂ ಹಾಗೇ ಮಾಡಿ. ಇದನ್ನು ನಮ್ಮ ವ್ಯಾಕರಣದ ಪೀರಿಯಡ್ಡಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದದ್ದು ಇದನ್ನೇ.

ಇನ್ನು ಕೊಕ್ಕೆಯ ಮಾತು. ಇದಕ್ಕೂ ಒಂದು ಸಾವಿರ ವರ್ಷ ಮೀರಿದ ಚರಿತ್ರೆ ಇದೆ. 8ನೆಯ ಶತಮಾನದ ಕೊನೆಯ ಭಾಗದಲ್ಲಿ, ಶಾರ್ಲಮೇನ್ ದೊರೆಯ ಕಾಲದ ಯೂರೋಪಿನಲ್ಲಿ, ಲ್ಯಾಟಿನ್ ಹಸ್ತಪ್ರತಿ ಬರೆಯುತ್ತಿದ್ದವರು ಪ್ರಶ್ನೆಯ ಕೊನೆಗೆ ಒಂದು ಚುಕ್ಕೆ, ಅದರ ಮೇಲೊಂದು ಬಳುಕು ಗೆರೆ ಹಾಕತೊಡಗಿದರು. ಗಟ್ಟಿಯಾಗಿ ಓದುವವರಿಗೆ, ಇಲ್ಲಿ ದನಿ ಏರಿಸು ಎಂಬ ಸೂಚನೆ ಅದು. ಎಂದರೆ ಚಿಹ್ನೆ ಹುಟ್ಟಿದ್ದು ದನಿಗಾಗಿ. ಸ್ಪ್ಯಾನಿಷರು ಪ್ರಶ್ನೆ ಮುಗಿದ ಮೇಲೆ ಹೇಳಿ ಏನು ಫಲ ಎಂದುಕೊಂಡರೋ ಏನೋ, 1754ರಲ್ಲಿ ಅವರ ಭಾಷಾ ಅಕಾಡೆಮಿ ವಾಕ್ಯದ ಆರಂಭದಲ್ಲೂ ಒಂದು ತಲೆಕೆಳಗಾದ ಕೊಕ್ಕೆ ಇಡಿ ಎಂದಿತು. ಗ್ರೀಕರು ಪ್ರಶ್ನೆಗೆ ಬಳಸುವ ಗುರುತು ನಮ್ಮ ಅರ್ಧವಿರಾಮದಂತೆಯೇ ಕಾಣುತ್ತದೆ. ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಅವರಿಗಂತೂ ಈ ಚಿಹ್ನೆ ಕಂಡರಾಗದು. ಪ್ರಶ್ನೆ ಪ್ರಶ್ನೆಯೇ ಎಂದು ಓದು ಬಲ್ಲವರಿಗೆ ಗೊತ್ತಾಗುತ್ತದೆ, ಗುರುತು ಯಾಕೆ ಎಂದು 1935ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ವಾದಿಸಿದರು. ಕನ್ನಡದ ಮಟ್ಟಿಗೆ ಆಕೆಯ ಮಾತು ಬಹುಪಾಲು ನಿಜ. ತಾಳೆಗರಿಯಲ್ಲಿ ಬರೆದ ನಮ್ಮ ಹಿರಿಯರು ಈ ಕೊಕ್ಕೆ ಕಂಡವರಲ್ಲ, ಅದು ಅಚ್ಚುಮೊಳೆಗಳ ಜೊತೆ ಬಂದದ್ದು. ಆದರೆ ಮೊಬೈಲಿನಲ್ಲಿ ಮಗಳು "ಊಟ ಆಯ್ತು" ಎಂದು ಬರೆದಾಗ, ಅದು ಅವಳ ಊಟದ ವರದಿಯೋ, ಕೊಕ್ಕೆ ಮರೆತ ನನ್ನ ಕುರಿತ ವಿಚಾರಣೆಯೋ ತಿಳಿಯದೆ ಕುಳಿತಾಗ, ಸ್ಟೈನ್ ಅವರೊಂದಿಗೆ ಜಗಳಾಡಬೇಕೆನಿಸುತ್ತದೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಚಿಹ್ನೆ. 1580ರ ದಶಕದಲ್ಲಿ ಹೆನ್ರಿ ಡೆನ್‌ಹ್ಯಾಂ ಎಂಬ ಇಂಗ್ಲಿಷ್ ಮುದ್ರಕ, ಉತ್ತರ ಬೇಡದ ಪ್ರಶ್ನೆಗಳಿಗೆಂದೇ ಕನ್ನಡಿಯಲ್ಲಿ ಕಂಡಂತೆ ತಿರುಗಿದ ಕೊಕ್ಕೆ ಬಳಸಿದ. ಅದು ಹೆಚ್ಚು ಕಾಲ ಬಾಳಲಿಲ್ಲ, 17ನೆಯ ಶತಮಾನದಲ್ಲೇ ಮರೆಯಾಯಿತು. ಉಳಿಯಬೇಕಿತ್ತು ನೋಡಿ! ನಮ್ಮ ಮನೆಗಳಲ್ಲಿ ಅದಕ್ಕೆ ಎಷ್ಟು ಕೆಲಸವಿತ್ತು! "ಇಷ್ಟು ಹೊತ್ತು ಏನು ಮಾಡ್ತಿದ್ದೆ?" "ನಿಂಗೇನು ಗೊತ್ತಾಗತ್ತೆ?" "ಕೇಳಿದ್ರಾ ನಿನ್ನ?" ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಎಷ್ಟೊಂದು ಈ ಜಾತಿಯವು. ಉತ್ತರ ಕೊಟ್ಟರೆ ಎದುರುತ್ತರ ಎನಿಸಿಕೊಳ್ಳುತ್ತದೆ. ಮನೆಯಲ್ಲಿ ಉತ್ತರ ಬೇಡದ ಪ್ರಶ್ನೆಗಳನ್ನು ಕೇಳಿಸಿಕೊಂಡು, ಶಾಲೆಯಲ್ಲಿ ಉತ್ತರ ಬೇಡದ ಪ್ರಶ್ನೆಗಳನ್ನು ಪರಿವರ್ತಿಸಿ, ಬೆಳೆದು ದೊಡ್ಡವರಾಗಿ, ಮಗನ ಟೀಚರ ಮುಂದೆ ಚೀಟಿ ಹಿಡಿದು ನಿಂತಾಗ ನಾಲಿಗೆ ಏಳುವುದಿಲ್ಲ ಎಂದರೆ ಆಶ್ಚರ್ಯವೇನು? ಇಲ್ಲಿ ನಾನು ಹಾಕಿದ್ದು ಮಾಮೂಲಿ ಕೊಕ್ಕೆ. ಡೆನ್‌ಹ್ಯಾಮನ ಮೊಳೆ ಅಚ್ಚಿನ ಮನೆಯಲ್ಲಿ ಸಿಕ್ಕಲಾರದು.

ಈ ವರ್ಷದ ಮೀಟಿಂಗಿಗೆ ಎದುರು ಮನೆಯಾಕೆ ನನ್ನ ಹತ್ತಿರ ಬರದೆಯೇ ಹೋದಳು. ಚೀಟಿಯೂ ಇರಲಿಲ್ಲವಂತೆ. ಸಂಜೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಹೇಳಿದಳು. "ಕೇಳೇಬಿಟ್ಟೆ ಅಕ್ಕಾ. 'ಮೇಡಂ, ಮೈ ಸನ್ ನೋಟ್ಸ್ ನಾಟ್ ರೈಟಿಂಗ್. ವೈ?' ಅಂದೆ."

"ಏನಂದ್ರು?"

"ಕೊನೇ ಬೆಂಚಲ್ಲಿ ಕೂರ್ತಾನಂತೆ. ಬೋರ್ಡ್ ನೋಡಲ್ವಂತೆ, ಪಕ್ಕದವನ ಪುಸ್ತಕ ನೋಡಿ ಬರೀತಾನಂತೆ. ಒಂದ್ಸಲ ಕಣ್ಣು ತೋರಿಸಿ ಅಂದ್ರು."

ತೋರಿಸಿದರು. ಹುಡುಗನಿಗೆ ದೂರದ್ದು ಕಾಣುತ್ತಿರಲಿಲ್ಲ. ಈಗ ಕನ್ನಡಕ ಬಂದಿದೆ, ಎರಡನೆಯ ಬೆಂಚೂ ಸಿಕ್ಕಿದೆ. ನನ್ನ ಕೆಂಪು ಪೆನ್ನಿನ ದೆಸೆಯಿಂದ ಅದು ಒಂದು ವರ್ಷ ತಡವಾಯಿತು. ಆ ಲೆಕ್ಕವನ್ನು ನಾನು ಯಾರ ಮೇಲೂ ಹಾಕುವಂತಿಲ್ಲ.

ಹೊರಡುವ ಮುಂಚೆ ಅವಳೇ ಕೇಳಿದಳು. "ನಾನು ಕೇಳಿದ್ದು ತಪ್ಪಿತ್ತು, ಅಲ್ವಾ ಅಕ್ಕಾ? ಹೇಗೆ ಕೇಳ್ಬೇಕಿತ್ತು? 'ಈಸ್' ಯಾಕೆ ಮುಂದೆ ಬರತ್ತೆ, ಅದನ್ನು ಹೇಳಿ."

ಒಲೆಯ ಮೇಲೆ ಹಾಲಿತ್ತು. ಈ ಸಲ ಮೊದಲು ಒಲೆ ಆರಿಸಿ ಕುಳಿತೆ.